ಪಳಗುವುದು ಪೆಟ್ಟಿಗೆಯೋ, ಕಿವಿಯೋ?

ಕಾವ್ಯಮೀಮಾಂಸೆಯನ್ನು ಓದಿದವರಿಗೆ ‘ವಕ್ರತೆ’ ಎಂಬುದು ದೋಷವಾಚಕವಲ್ಲ. ಕಾಶ್ಮೀರದ ಕುಂತಕನು ವಕ್ರೋಕ್ತಿಯೇ ಕಾವ್ಯದ ಜೀವಿತವೆಂದು ಸಾರಿದನು. ವಿದ್ಯುತ್ ಶಾಸ್ತ್ರದ ತೀರ್ಪು ಬೇರೆ. ಒಳಹೊಕ್ಕ ನಾದವು ಹೊರಬರುವಾಗ ಆಕಾರಗೆಟ್ಟರೆ ಅಲ್ಲಿ ಅದು ವಿಕೃತಿಯೇ ಸರಿ. ಈ ಎರಡು ಶಾಸ್ತ್ರಗಳೂ ಎದುರುಬದುರಾಗುವ ಒಂದು ಸ್ಥಳವುಂಟು: ಗಿಟಾರಿನ ವಾಲ್ವ್ ಧ್ವನಿವರ್ಧಕ. ಅದನ್ನು ಮನೆಯಲ್ಲಿಯೇ ಕಟ್ಟಿ ಪಳಗಿಸುವ ಹವ್ಯಾಸಿಗಳನ್ನು ಕಂಡು, ಹಳೆಯದರ ಮೋಹವೆಂದು ನಗುವವರಿದ್ದಾರೆ. ಆ ನಗೆ ಸಲ್ಲದೆಂದು ನನ್ನ ಮತ.

1951ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ‘ರಾಕೆಟ್ 88’ ಎಂಬ ಹಾಡು ಮುದ್ರಣವಾದಾಗ ಗಿಟಾರ್ ವಾದಕನ ಧ್ವನಿವರ್ಧಕಕ್ಕೆ ಪೆಟ್ಟು ಬಿದ್ದಿತ್ತು. ಅದರ ಒಡಕುದನಿಯನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. 1964ರ ಹೊತ್ತಿಗೆ ಇಂಗ್ಲೆಂಡಿನ ಡೇವ್ ಡೇವಿಸ್ ಇಂಥ ನಾದಕ್ಕಾಗಿ ಸ್ಪೀಕರಿನ ಕಾಗದವನ್ನು ತಾನೇ ಸೀಳಿದನು. ನಮಗಿದು ವಿಚಿತ್ರವಾಗಿ ತೋರಬೇಕಾಗಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆಯನ್ನು ಸಿಕ್ಕಿಸಿ, ಶುದ್ಧಸ್ವರಕ್ಕೆ ಝೇಂಕಾರವನ್ನು ಕೂಡಿಸುವವರು ನಾವು.

ವಾಲ್ವು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಅದರ ಶಕ್ತಿಮೀರಿ ದುಡಿಸಿದಾಗ ನಾದದ ಅಲೆಯ ತುದಿ ದುಂಡಗಾಗಿ ಬಾಗುತ್ತದೆ. ಮೂಲಸ್ವರದೊಡನೆ ಅದರ ಅನುಸ್ವರಗಳೂ ಹುಟ್ಟಿಕೊಳ್ಳುತ್ತವೆ. 1950ರ ದಶಕದ ಉತ್ತರಾರ್ಧದ ‘ಫೆಂಡರ್ ಚಾಂಪ್’ ಇದಕ್ಕೆ ಸುಲಭವಾದ ಉದಾಹರಣೆ: ಮೂರೇ ವಾಲ್ವುಗಳು, ಎಂಟು ಅಂಗುಲದ ಸ್ಪೀಕರು, ಸುಮಾರು 5 ವಾಟ್ ಶಕ್ತಿ. ಅದರ ಮೊದಲ ವಾಲ್ವಾದ 12ಎಎಕ್ಸ್7ಕ್ಕೆ ಯೂರೋಪಿನಲ್ಲಿ ಇಸಿಸಿ83 ಎಂದು ಹೆಸರು. ರೇಡಿಯೋ ವಾಲ್ವುಗಳ ತಯಾರಿಕೆಯನ್ನು 1961ರಲ್ಲಿ ಆರಂಭಿಸಿದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದಲೂ ಈ ವಾಲ್ವು ಹೊರಬಂದುದುಂಟು. ಅನ್ಯರ ನಕ್ಷೆಯನ್ನು ನೋಡಿ ಕಟ್ಟುವುದು ಅನುಕರಣೆಯಲ್ಲವೆ ಎಂದರೆ, ಹೌದು. ಲಂಡನ್ನಿನ ಜಿಮ್ ಮಾರ್ಷಲ್ಲನ ಅಂಗಡಿಯವರು 1962ರಲ್ಲಿ ಕಟ್ಟಿದ ಮೊದಲ ಪೆಟ್ಟಿಗೆಯೂ ಫೆಂಡರ್ ‘ಬಾಸ್‌ಮನ್’ನ ನಕ್ಷೆಯನ್ನೇ ಅನುಸರಿಸಿತ್ತು. ಅಕ್ಷರ ತಿದ್ದದೆ ಬರಹಗಾರರಾದವರುಂಟೆ?

ಆದರೆ ಇದು ಅಕ್ಷರದಂತೆ ನಿರಪಾಯವಾದ ಅಭ್ಯಾಸವಲ್ಲ. ಒಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತು ಹರಿಯುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣಾಂತಿಕವಾಗಿ ಉಳಿದಿರಬಲ್ಲುದು. ಅದನ್ನು ತಕ್ಕ ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರಿನಿಂದ ಅಳೆದು ನೋಡದೆ ಕೈಯಿಡಬಾರದು. ಅರಿತವರ ಜೊತೆಯಿಲ್ಲದೆ ಮೊದಲ ಪೆಟ್ಟಿಗೆಯನ್ನು ತೆರೆಯಲೂ ಬಾರದು. ಮೊದಲ ಸಲ ವಿದ್ಯುತ್ ಕೊಡುವಾಗ ದಾರಿಯಲ್ಲಿ ತಂತುವಿನ ಬಲ್ಬೊಂದನ್ನು ಸರಣಿಯಾಗಿ ಜೋಡಿಸುತ್ತಾರೆ. ಅದು ಕ್ಷಣ ಬೆಳಗಿ ಮಂಕಾದರೆ ಸಮಾಧಾನ; ಉಜ್ಜ್ವಲವಾಗಿಯೇ ಉರಿದರೆ ಒಳಗೆಲ್ಲೋ ಕೆಟ್ಟಿದೆ. ಸ್ಪೀಕರನ್ನು ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಡಬಹುದು.

ಇನ್ನು ಪಳಗಿಸುವ ಮಾತು. ಹೊಸ ಪೆಟ್ಟಿಗೆಯ ದನಿ ಬಿರುಸು, ತಿಂಗಳು ನುಡಿಸಿದರೆ ಮೃದುವಾಗುತ್ತದೆಂದು ಹವ್ಯಾಸಿಗಳು ಹೇಳುವುದುಂಟು. ಇದರಲ್ಲಿ ಸತ್ಯಾಂಶವಿದೆ: ನುಡಿಸಿದಂತೆ ಸ್ಪೀಕರಿನ ಅಂಚೂ ನಡುವಿನ ಆಧಾರವೂ ಸಡಿಲಗೊಂಡು, ಅದರ ಸಹಜಕಂಪನ ತುಸು ತಗ್ಗುತ್ತದೆ. ಬಹುಕಾಲ ಸುಮ್ಮನಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಕ್ಸೈಡು ಪದರವೂ ವಿದ್ಯುತ್ತು ತಾಗಿದ ಮೇಲೆ ಸುಸ್ಥಿತಿಗೆ ಬರುತ್ತದೆ. ತಂತಿಯೂ ಬೆಸುಗೆಯೂ ಪಳಗುತ್ತವೆಂಬುದು ಮಾತ್ರ ಭಕ್ತಿಯ ಮಾತು. ಸಂಶಯವುಳ್ಳವರು ಮೊದಲ ದಿನವೂ ತಿಂಗಳ ತರುವಾಯವೂ ಮೈಕನ್ನು ಅದೇ ದೂರದಲ್ಲಿರಿಸಿ ಅದೇ ಸ್ವರಗಳನ್ನು ಮುದ್ರಿಸಲಿ. ಯಾವುದು ಯಾವ ದಿನದ್ದೆಂದು ತಿಳಿಸದೆ ಮಿತ್ರರಿಗೆ ಕೇಳಿಸಲಿ. ಬಹುಪಾಲು ಪಳಗಿರುವುದು ಕೇಳುವವನ ಕಿವಿ, ನುಡಿಸುವವನ ಬೆರಳು ಎಂದು ಆಗ ತೋರಿಬಂದರೆ ನನಗೆ ಆಶ್ಚರ್ಯವಿಲ್ಲ.

ಈ ನಾದವನ್ನು ಇಂದು ಗಣಕಯಂತ್ರವೂ ಬಹಳ ಹತ್ತಿರದಿಂದ ಅನುಕರಿಸಬಲ್ಲುದು. ನಾದವಷ್ಟೇ ಬೇಕಾದವರಿಗೆ ಅದು ಅಗ್ಗ, ಹಗುರ, ನಿರಪಾಯ. ಅವರನ್ನು ಆಕ್ಷೇಪಿಸಲು ಕಾರಣವಿಲ್ಲ. ಕಟ್ಟಿದವನಿಗೆ ದೊರೆಯುವುದು ಬೇರೊಂದು. ಝೇಂಕಾರ ಯಾವ ರೆಸಿಸ್ಟರಿನಿಂದ ಹೆಚ್ಚಿತು, ಯಾವ ಕೆಪಾಸಿಟರಿನಿಂದ ಮಂದ್ರ ತೆಳುವಾಯಿತು ಎಂಬುದನ್ನು ಅವನು ಬಲ್ಲ, ಇಷ್ಟವಾಗದಿದ್ದರೆ ಬದಲಿಸಬಲ್ಲ. ಛಂದಸ್ಸನ್ನು ಕಟ್ಟಿನೋಡಿದ ವಿದ್ಯಾರ್ಥಿಗೂ ಅದರ ಲಕ್ಷಣವನ್ನು ಬಾಯಿಪಾಠ ಮಾಡಿದವನಿಗೂ ಇರುವ ಅಂತರವನ್ನು ಅಧ್ಯಾಪಕರೆಲ್ಲರೂ ಬಲ್ಲರು. ನಮ್ಮ ಕಾಲೇಜುಗಳ ವಿಜ್ಞಾನ ಸಂಘವೂ ಸಂಗೀತ ಸಂಘವೂ ವರ್ಷಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು, ಬಲ್ಲವರ ಕಣ್ಣಳತೆಯಲ್ಲಿ ಇಂಥ ಪೆಟ್ಟಿಗೆಯೊಂದನ್ನು ಕಟ್ಟಲಿ.