ಜಲಪಾತದ ದಾರಿ, ಊರಿನ ದಾರಿ

ರಾಯಚೂರು ಜಿಲ್ಲೆಯೆಂದರೆ ಬಿಸಿಲು, ಬರ, ಗುಳೆ ಎಂಬ ಮೂರು ಪದಗಳಲ್ಲಿ ಮಾತು ಮುಗಿಸುವವರಿಗೆ, ಇಲ್ಲಿಯೂ ಒಂದು ಜಲಪಾತವಿದೆ ಎಂದರೆ ಅಚ್ಚರಿಯಾದೀತು. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಸಮೀಪದ ಗುಂಡಲಬಂಡೆ ಜಲಪಾತ ಮಳೆಗಾಲದಲ್ಲಿ ಮೈದುಂಬಿಕೊಳ್ಳುತ್ತದೆ. ರಾಯಚೂರು ನಗರದಿಂದ ದೇವದುರ್ಗ, ಜಾಲಹಳ್ಳಿ, ತಿಂಥಣಿ ಸೇತುವೆ ಮಾರ್ಗವಾಗಿ ಅಲ್ಲಿಗೆ ಹೋಗಬಹುದು. ಕೆಲವು ವರ್ಷಗಳ ಹಿಂದೆ ನಾನು ಹೋದಾಗ, ಹೆದ್ದಾರಿ ಬಿಟ್ಟ ಮೇಲಿನ ಕಲ್ಲುಮಣ್ಣಿನ ಹಾದಿಯಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆಯಿದ್ದ ಜೀಪು ಸಹ ತಿಣುಕಿತು. ಇಲ್ಲಿಗೊಂದು ಡಾಂಬರು ರಸ್ತೆ ಆಗಲೇಬೇಕು ಎಂದರು ಜೊತೆಗಿದ್ದ ಮಿತ್ರರು. ಅದನ್ನು ಕೇಳಿಸಿಕೊಂಡ ಕುರಿಗಾಹಿ ಹಿರಿಯರೊಬ್ಬರು, ‘ನೀವು ವರ್ಷಕ್ಕೊಮ್ಮೆ ಬರ್ತೀರಿ ಸಾಹೇಬ್ರ, ನಾವು ದಿನಾ ಅಡ್ಡಾಡ್ತೀವಿ’ ಎಂದು ನಕ್ಕರು.

ಆ ನಗುವಿನಲ್ಲಿ ಅರ್ಥಶಾಸ್ತ್ರದ ಮೂಲಭೂತ ಪ್ರಶ್ನೆಯೇ ಅಡಗಿತ್ತು. ಸಾರ್ವಜನಿಕ ಹಣ ಸೀಮಿತವಾಗಿರುವಾಗ ಮೊದಲ ರಸ್ತೆ ಯಾರಿಗೆ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯು ರಾಜ್ಯದ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗ, ಮಾನ್ವಿ, ಲಿಂಗಸುಗೂರು ಮೂರೂ ಇದ್ದವು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನ ತಿದ್ದುಪಡಿಗೆ 2012ರಲ್ಲಿ ಸಂಸತ್ತಿನ ಅಂಗೀಕಾರ ದೊರೆತು, 371(ಜೆ) ವಿಧಿ ಬಂತು. ಪ್ರದೇಶದ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವೆಂದಾಯಿತು. ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಮುಂಗಡಪತ್ರದಲ್ಲಿ 5,000 ಕೋಟಿ ರೂಪಾಯಿ ಘೋಷಣೆಯೂ ಆಯಿತು. ಹಣವಿಲ್ಲವೆಂಬ ನೆಪ ಇನ್ನು ಹಿಂದಿನಷ್ಟು ಸುಲಭವಲ್ಲ. ಉಳಿದಿರುವುದು ಆದ್ಯತೆಯ ಪ್ರಶ್ನೆ.

ಜಲಪಾತಕ್ಕೆ ಪ್ರವಾಸಿಗರನ್ನು ಕರೆತರುವ ಮಳೆಗಾಲವೇ ಇಲ್ಲಿನ ಹಳ್ಳಿಗಳಿಗೆ ಸಂಕಟದ ಕಾಲವೂ ಹೌದು. ನಾರಾಯಣಪುರದ ಬಸವಸಾಗರದಿಂದ ಹೆಚ್ಚಿನ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಕೃಷ್ಣೆಯ ನಡುಗಡ್ಡೆಗಳ ಜನ ಸಂಪರ್ಕ ಕಳೆದುಕೊಳ್ಳುತ್ತಾರೆ. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ 2019ರ ಪ್ರವಾಹದಲ್ಲಿ ಜಲಾವೃತವಾಗಿತ್ತು. ಮಾನ್ವಿಯ ಎರೆಭೂಮಿಯ ನಡುವಿನ ಹಾದಿಗಳು ಒಂದು ಹದ ಮಳೆಯಾದರೆ ಎತ್ತಿನ ಬಂಡಿಗೂ ಭಾರ. ಪ್ರವಾಸಿಗೆ ದುರ್ಗಮ ಹಾದಿ ಒಂದು ದಿನದ ಸಾಹಸ. ಹೆರಿಗೆ ನೋವಿನ ಹೆಣ್ಣುಮಗಳಿಗೆ, ಶಾಲೆಗೆ ಹೊರಟ ಮಗುವಿಗೆ ಅದು ಸಾಹಸವಲ್ಲ.

ಹಾಗಾದರೆ ಪ್ರವಾಸೋದ್ಯಮ ಬೇಡವೆ? ಖಂಡಿತ ಬೇಕು. ಆದರೆ ಅದರ ಲೆಕ್ಕಾಚಾರ ವಾಸ್ತವಿಕವಾಗಿರಬೇಕು. ರಾಯಚೂರು ಜಿಲ್ಲೆಯ ವಾರ್ಷಿಕ ವಾಡಿಕೆ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಮಲೆನಾಡಿನಂತೆ ತಿಂಗಳುಗಟ್ಟಲೆ ನೀರು ಧುಮ್ಮಿಕ್ಕುವ ಭರವಸೆ ಇಲ್ಲಿಲ್ಲ. ಕೆಲವೇ ವಾರಗಳ ನೋಟಕ್ಕಾಗಿ ಜಲಪಾತದ ಬುಡದವರೆಗೆ ರಸ್ತೆ, ವಸತಿಗೃಹ ಕಟ್ಟಿದರೆ ವರ್ಷದ ಬಹುಪಾಲು ಅವು ಪಾಳು ಬೀಳುತ್ತವೆ. ಗುಂಡಲಬಂಡೆಯನ್ನು ಜಲದುರ್ಗದ ಕೋಟೆ, ಮುದಗಲ್ ಕೋಟೆ, ಅಶೋಕನ ಹೆಸರನ್ನು ಸ್ಪಷ್ಟವಾಗಿ ಸಾರಿದ ಮಸ್ಕಿ ಶಾಸನ ಇವುಗಳೊಂದಿಗೆ ಜೋಡಿಸಿದರೆ ಮಾತ್ರ ವರ್ಷವಿಡೀ ಸಾಗುವ ಪ್ರವಾಸ ಸಾಧ್ಯ.

ಇನ್ನೊಂದು ಅನುಭವವೂ ನಮ್ಮ ಮುಂದಿದೆ. ಚಿಕ್ಕಮಗಳೂರಿನ ಹೆಬ್ಬೆ ಜಲಪಾತಕ್ಕೆ, ಕೊಡಗಿನ ಮಾಂದಲಪಟ್ಟಿಗೆ ಪ್ರವಾಸಿಗರು ಜೀಪುಗಳಲ್ಲಿ ಹೋಗುತ್ತಾರೆ. ಅಲ್ಲಿ ಒರಟು ಹಾದಿಯೇ ಕೆಲವರಿಗೆ ಅನ್ನದ ದಾರಿಯಾಗಿದೆ. ಮಿತಿ ಮೀರಿದರೆ ಏನಾಗುತ್ತದೆಂಬುದನ್ನು 2024ರ ಜನವರಿಯಲ್ಲಿ ಕುಮಾರಪರ್ವತದ ಜನಜಂಗುಳಿ ತೋರಿಸಿಕೊಟ್ಟಿತು. ಬಳಿಕ ಅರಣ್ಯ ಇಲಾಖೆ ಚಾರಣಿಗರ ಸಂಖ್ಯೆಗೆ ಮಿತಿ ಹೇರಿ, ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಬೇಕಾಯಿತು.

ಆದ್ದರಿಂದ ನನ್ನ ಸಲಹೆ ಸರಳ. ಊರುಗಳನ್ನು ಆಸ್ಪತ್ರೆ, ಶಾಲೆ, ಮಾರುಕಟ್ಟೆಗಳಿಗೆ ಬೆಸೆಯುವ ರಸ್ತೆ ಮತ್ತು ಎತ್ತರದ ಸೇತುವೆಗಳು ಮೊದಲು ಆಗಲಿ. ಕೊನೆಯ ಊರಿನಿಂದ ಜಲಪಾತದವರೆಗಿನ ಹಾದಿ ಮಾತ್ರ ಒರಟಾಗಿಯೇ ಉಳಿಯಲಿ. ಆ ಹಾದಿಯಲ್ಲಿ ಸ್ಥಳೀಯ ಯುವಕರ ಜೀಪುಗಳು ಗ್ರಾಮ ಪಂಚಾಯಿತಿ ನಿಗದಿಪಡಿಸಿದ ದರಕ್ಕೆ ಓಡಲಿ. ಶುಲ್ಕದ ಒಂದು ಪಾಲು ಪಂಚಾಯಿತಿಗೇ ಸೇರಲಿ. ಬಂಡೆಯಂಚಿಗೆ ತಡೆಬೇಲಿ, ರಭಸದ ದಿನಗಳಲ್ಲಿ ಕಾವಲುಗಾರರು ಇರಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವ ಯುವಕರಲ್ಲಿ ಹತ್ತು ಮಂದಿಯಾದರೂ ಊರಿನಲ್ಲೇ ಉಳಿದರೆ, ಜಲಪಾತ ಅವರಿಗೂ ಸೇರಿದ್ದೆಂದು ಹೇಳಬಹುದು. ಇಲ್ಲವಾದರೆ ನಮ್ಮ ವಾಹನಗಳ ಧೂಳಷ್ಟೇ ಅವರ ಪಾಲಿಗೆ.