ವೇಗ ಬಂತು, ಕಾವಲು ಹೋಯಿತೇ?

ಟೋಕಿಯೊದ ಸಕಾನಾ ಎಐ ಕಂಪನಿ 2025ರ ಫೆಬ್ರುವರಿಯಲ್ಲಿ ಸಂಭ್ರಮದಿಂದ ಹೇಳಿಕೊಂಡಿತು: ಗ್ರಾಫಿಕ್ಸ್ ಚಿಪ್‌ಗಳ ಕೋಡನ್ನು ತನ್ನ ಎಐ ತಾನೇ ತಿದ್ದಿ ಬರೆದು 10ರಿಂದ 100 ಪಟ್ಟು ವೇಗ ತಂದಿದೆ. ಹೊರಗಿನವರು ಓಡಿಸಿ ನೋಡಿದರೆ ಕೆಲವು ಕೋಡ್ ಮೊದಲಿಗಿಂತಲೂ ನಿಧಾನ! ಪರೀಕ್ಷಕ ಪ್ರೋಗ್ರಾಂ ಮೆಮೊರಿಯಲ್ಲಿ ಬಿಟ್ಟಿದ್ದ ಸರಿಯುತ್ತರವನ್ನೇ ಎಐ, ಮೇಷ್ಟ್ರ ಮೇಜಿನಿಂದ ಕದ್ದ ಹುಡುಗನಂತೆ, ಎತ್ತಿ ಒಪ್ಪಿಸಿತ್ತು. ಕಂಪನಿ ತಪ್ಪೊಪ್ಪಿಕೊಂಡಿತು.

ಹಾಗೆಂದು ಎಲ್ಲವೂ ಬುರುಡೆಯಲ್ಲ. ಹಳೆಯ ಜಾವಾ ಕೋಡನ್ನು ಎಐನಿಂದ ಮೇಲ್ದರ್ಜೆಗೇರಿಸಿ ವರ್ಷಕ್ಕೆ 26 ಕೋಟಿ ಡಾಲರ್ ಲಾಭದ ಅಂದಾಜಿದೆ ಎಂದು ಅಮೆಜಾನ್‌ನ ಮುಖ್ಯಸ್ಥ ಆ್ಯಂಡಿ ಜಾಸಿ 2024ರಲ್ಲಿ ಹೇಳಿದ್ದರು. ಇಂಥ ಅಂಕಿ ಕಂಡ ಯಾವ ಯಜಮಾನ ಸುಮ್ಮನಿದ್ದಾನು? ವಿದೇಶಿ ಬ್ಯಾಂಕು, ವಿಮಾ ಕಂಪನಿಗಳ ಹಳೆಯ ಕೋಡ್ ನೋಡಿಕೊಳ್ಳುವ ಬೆಂಗಳೂರಿಗೂ ‘ಎಐ ಇದೆಯಲ್ಲ, ದರ ಇಳಿಸಿ’ ಎಂಬ ಒತ್ತಾಯ ಬರದೆ ಇರದು. ದರ ಇಳಿದಾಗ ಮೊದಲು ಕತ್ತರಿ ಬೀಳುವುದು ಪರೀಕ್ಷೆಯ ಖರ್ಚಿಗೆ. ನಮ್ಮ ಆತಂಕ ಇರುವುದು ಅಲ್ಲಿ.

ಹಳೆಯ ಕೋಡಿನಲ್ಲಿ ದಂಡವೆಂದು ಕಾಣುವ ಎಷ್ಟೋ ಸಾಲು ಕಾವಲಿಗೆ ನಿಂತಿರುತ್ತವೆ. 1996ರ ಜೂನ್ 4ರಂದು ಏರಿಯಾನ್–5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಆಕಾಶದಲ್ಲೇ ಚೂರಾಯಿತು. ದಿಕ್ಕು ತೋರುವ ತಂತ್ರಾಂಶ ಬಂದದ್ದು ಏರಿಯಾನ್–4ರಿಂದ. ಕಂಪ್ಯೂಟರಿನ ಹೊರೆ 80% ಮೀರಬಾರದೆಂದು ಏಳು ಸಂಖ್ಯೆಗಳ ಪೈಕಿ ಮೂರಕ್ಕೆ ಮಿತಿ ಮೀರುವುದರ ವಿರುದ್ಧ ರಕ್ಷಣೆ ಇಟ್ಟಿರಲಿಲ್ಲ. ಹಳೆಯ ರಾಕೆಟ್‌ಗೆ ಏನೂ ಆಗಲಿಲ್ಲ. ಹೊಸದರ ಅಡ್ಡವೇಗ ಹೆಚ್ಚು, ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸಲಿಲ್ಲ. ರಕ್ಷಣೆ ಬಿಟ್ಟದ್ದು ಎಂಜಿನಿಯರುಗಳು ಕೂತು ಚರ್ಚಿಸಿ ಕೈಗೊಂಡ ತೀರ್ಮಾನ; ಹಾಗಾಗಿ ತನಿಖೆಗೆ ಸುಳಿವಾದರೂ ಸಿಕ್ಕಿತು. ರಾತ್ರಿ ಬೆಳಗಾಗುವುದರೊಳಗೆ ಎಐ ಲಕ್ಷ ಸಾಲು ತಿದ್ದಿದರೆ ಯಾವ ಕಾವಲು ಏಕೆ ಹೋಯಿತೆಂದು ಯಾರನ್ನು ಕೇಳುವುದು?

ಕೋಡ್ ಬರೆದ ಎಐ ತನ್ನ ಪರೀಕ್ಷೆಯನ್ನೂ ತಾನೇ ಬರೆಯಬಾರದು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಓಡಿಸಿ ತಾಳೆ ನೋಡಬೇಕು, ಅದೂ ಒಂದು ಮಾರ್ಚ್ 31 ದಾಟುವವರೆಗೆ. ಬ್ಯಾಂಕಿನಲ್ಲಿ ಆ ರಾತ್ರಿ ಕಳೆದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ನಾಳೆ ಪಹಣಿಯ ‘ಭೂಮಿ’, ಹಣಕಾಸಿನ ‘ಖಜಾನೆ–2’ರಂಥ ಸರ್ಕಾರಿ ತಂತ್ರಾಂಶಗಳನ್ನು ಹೀಗೆ ತಿದ್ದಿಸುವ ಮಾತು ಬಂದರೆ ಟೆಂಡರಿನಲ್ಲಿ ಪರೀಕ್ಷೆಗೆ ಬೇರೆ ಗುತ್ತಿಗೆದಾರ, ಬೇರೆ ಹಣ ಇರಲಿ. ಪಹಣಿಯಲ್ಲಿ ಹೆಸರು ತಪ್ಪಿದ ರೈತ ತಾಲ್ಲೂಕು ಕಚೇರಿಗೆ ಅಲೆಯುವ ಖರ್ಚು ಯಾವ ಉಳಿತಾಯದ ಪಟ್ಟಿಯಲ್ಲೂ ಬರುವುದಿಲ್ಲ.