ಸೋಲೋಕೆ ಬರುವ ಗುರು ಬೇಕು

ಅನಿಮೆ ನೋಡಿ ಬೆಳೆದ ನಮ್ಮ ಬ್ಯಾಚಿನವರಿಗೆ ಜಪಾನಿನ ಕತ್ತಿ ಅಂದ್ರೆ ಒಂಥರಾ ಹುಚ್ಚು. ಹಾಸ್ಟೆಲಿನಲ್ಲಿ ಛತ್ರಿ, ಪೊರಕೆ, ಡ್ರಾಯಿಂಗ್ ಶೀಟಿನ ಸುರುಳಿ, ಏನು ಕೈಗೆ ಸಿಕ್ಕರೂ ಅದು ಕತಾನಾ ಆಗಿಬಿಡುತ್ತೆ. ಆ ಹುಚ್ಚು ಗಟ್ಟಿಯಾಗಿ, ನಿಜವಾಗಿಯೂ ಕಲಿಯೋಣ ಅಂತ ಹೊರಟವರಿಗೆ ಮೊದಲು ಎದುರಾಗೋ ಪ್ರಶ್ನೆ: ಯಾವ ಶಾಲೆ? ಕೆಂಡೊ, ಇಯಾಯ್‌ದೊ, ನೂರಾರು ವರ್ಷ ಹಳೆಯ ಪರಂಪರೆಗಳು, ಒಂದೊಂದರದ್ದೂ ಒಂದೊಂದು ದಾರಿ. ನಾವು ಮಾತ್ರ ಇವನ್ನೆಲ್ಲ ಫೋನ್ ಹೋಲಿಸಿದ ಹಾಗೆ ಹೋಲಿಸ್ತೀವಿ. ನಿಜವಾದ ಹೊಡೆದಾಟದಲ್ಲಿ ಯಾವುದು ಗೆಲ್ಲುತ್ತೆ? ಯಾವುದು ಅಸಲಿ, ಯಾವುದು ಬರೀ ಷೋ? ಈ ಪ್ರಶ್ನೆ ಹಿಡಿದು ಹೊರಟರೆ ಒಳ್ಳೆ ಶಾಲೆ ಸಿಗಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಕಾರಣ ಸರಳ. ಹರಿತವಾದ ಕತ್ತಿ ಹಿಡಿದು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಿದರೆ ಮೊದಲ ವಾರದಲ್ಲೇ ಅರ್ಧ ಕ್ಲಾಸು ಖಾಲಿ. ಹಾಗಾಗಿ ಎಲ್ಲ ಶಾಲೆಗಳೂ ನಿಜವಾದ ಕಾಳಗದಿಂದ ಏನನ್ನಾದರೂ ಕಳೆದೇ ಪಾಠ ಕಟ್ಟಿವೆ. ಇದು ನಮಗೆ ಹೊಸದೇನಲ್ಲ. ಘರ್ಷಣೆ ಇಲ್ಲ ಎಂದುಕೊಳ್ಳಿ, ಹಗ್ಗಕ್ಕೆ ತೂಕವಿಲ್ಲ ಎಂದುಕೊಳ್ಳಿ ಅಂತಲೇ ಅಲ್ವಾ ನಮ್ಮ ಮೆಕ್ಯಾನಿಕ್ಸ್ ಲೆಕ್ಕಗಳು ಶುರುವಾಗೋದು? ಹಾಗೆ ಬಿಡೋದು ತಪ್ಪಲ್ಲ. ಏನು ಬಿಟ್ಟಿದ್ದೀವಿ ಅನ್ನೋದನ್ನ ಮರೆತರೆ ಅಪಾಯ. ಕತ್ತಿ ಶಾಲೆಗಳನ್ನೂ ಹೀಗೇ ಓದಬೇಕು.

ಕೆಂಡೊ ತೆಗೆದುಕೊಳ್ಳಿ. ನಾಲ್ಕು ಬಿದಿರಿನ ಪಟ್ಟಿ ಸೇರಿಸಿ ಕಟ್ಟಿದ ಶಿನಾಯ್, ಮೈಗೆ ಕವಚ. 18ನೇ ಶತಮಾನದ ಆರಂಭದಲ್ಲಿ ಜಿಕಿಶಿನ್‌ಕಾಗೆ-ರ್ಯೂ ಎಂಬ ಪರಂಪರೆಯವರು ಈ ಕವಚವನ್ನು ಸುಧಾರಿಸಿದರು. ಅದೇ ಶತಮಾನದ ಮಧ್ಯಭಾಗದಲ್ಲಿ ಇತ್ತೋ-ರ್ಯೂನ ನಾಕಾನಿಶಿ ಶಾಖೆ ಇದನ್ನೇ ಪಾಠದೊಳಗೆ ತಂದಿತು. ಇದರಿಂದ ಪೂರ್ತಿ ವೇಗದಲ್ಲಿ, ಮುಂದೇನು ಮಾಡ್ತಾನೆ ಅಂತ ಗೊತ್ತಿಲ್ಲದ ಎದುರಾಳಿಯನ್ನ ಹೊಡೆಯೋಕೆ ಸಾಧ್ಯವಾಯಿತು. ಕಳೆದುಕೊಂಡದ್ದೂ ಉಂಟು. ಶಿನಾಯ್‌ಗೆ ಅಲಗಿಲ್ಲ, ಕತ್ತಿಯ ಬಾಗಿಲ್ಲ. ತಲೆ, ಮಣಿಕಟ್ಟು, ಪಕ್ಕೆ, ಗಂಟಲು ಇವಿಷ್ಟೇ ಗುರಿ.

ಹಳೆಯ ಪರಂಪರೆಗಳ ದಾರಿ ಬೇರೆ. 1868ರ ಮೇಜಿ ಬದಲಾವಣೆಗಿಂತ ಮುಂಚೆ ಹುಟ್ಟಿದವುಗಳಿಗೆ ಕೊರ್ಯೂ ಅಂತಾರೆ. ಚಿಬಾ ಪ್ರಾಂತದ ಕಾತೊರಿ ಶಿಂತೋ-ರ್ಯೂ 15ನೇ ಶತಮಾನದ್ದು. ಸೇರುವಾಗ ರಕ್ತದ ಗುರುತು ಹಾಕಿ ಪ್ರಮಾಣ ಮಾಡೋ ಸಂಪ್ರದಾಯವೇ ಅಲ್ಲಿದೆ. ಎರಡು ತಿಂಗಳು ಟ್ರಯಲ್ ನೋಡಿ ಬಿಡೋಣ ಅನ್ನೋರಿಗೆ ಅದು ಜಾಗವಲ್ಲ. ಅಲ್ಲಿ ಕಲಿಕೆ ನಡೆಯೋದು ಕಾತಾದ ಮೂಲಕ. ಕಾತಾ ಅಂದ್ರೆ ಇಬ್ಬರು ಮರದ ಕತ್ತಿ ಹಿಡಿದು ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮಾಡೋ ಅಭ್ಯಾಸ. ಇಲ್ಲಿ ಕತ್ತಿಯ ಆಕಾರ, ಕೊಲ್ಲುವ ಜಾಗಗಳು, ಎಲ್ಲ ಉಳಿದಿವೆ. ಬಿಟ್ಟಿರೋದು ಅನಿಶ್ಚಿತತೆ.

ಇಯಾಯ್‌ದೊ ಒಬ್ಬಂಟಿ ಅಭ್ಯಾಸ: ಒರೆಯಿಂದ ಕತ್ತಿ ಎಳೆಯೋದು, ಬೀಸೋದು, ಮತ್ತೆ ಒರೆಗೆ ಸೇರಿಸೋದು. ಎದುರಾಳಿ ಕಲ್ಪನೆಯಲ್ಲಿ ಮಾತ್ರ. 1925ರಲ್ಲಿ ಸೇನೆಯ ತೊಯಾಮಾ ಶಾಲೆಯಲ್ಲಿ ರೂಪುಗೊಂಡ ತೊಯಾಮಾ-ರ್ಯೂನಲ್ಲಿ ಇವತ್ತು ಸುರುಳಿ ಸುತ್ತಿದ ಚಾಪೆ ಕಡಿಯೋದಕ್ಕೆ ದೊಡ್ಡ ಸ್ಥಾನ. ಅಲಗು ನಿಜ, ಆದರೆ ಚಾಪೆ ತಿರುಗಿ ಹೊಡೆಯಲ್ಲ. ಇನ್ನು ಸಾತ್ಸುಮಾದ ಜಿಗೆನ್-ರ್ಯೂ ಎಲ್ಲವನ್ನೂ ಒಂದೇ ಏಟಿಗೆ ಇಳಿಸಿತು. ನೆಟ್ಟ ಕಂಬಕ್ಕೆ ಕೋಲಿನಿಂದ ಬೆಳಿಗ್ಗೆ 3,000, ಸಂಜೆ 8,000 ಏಟು ಅನ್ನೋದು ಅವರ ಹಳೆಯ ಮಾತು. ಮೊದಲ ಏಟಿನ ಮೇಲೆ ಅನುಮಾನವೇ ಇರಬಾರದು, ಅಷ್ಟೇ.

ಈಗ ಹೇಳಿ, ಇದರಲ್ಲಿ ಅಸಲಿ ಯಾವುದು? 19ನೇ ಶತಮಾನದ ಎಡೋದ ಜನ ನಮಗಿಂತ ಜಾಣರು. ಅಲ್ಲಿನ ಮೂರು ದೊಡ್ಡ ದೋಜೋಗಳ ಬಗ್ಗೆ ಅವರು ಹೇಳುತ್ತಿದ್ದದ್ದು ಹೀಗೆ: ಕೈಚಳಕಕ್ಕೆ ಗೆನ್‌ಬುಕಾನ್, ಬಲಕ್ಕೆ ರೆನ್‌ಪೇಕಾನ್, ಘನತೆಗೆ ಶಿಗಾಕುಕಾನ್. ಯಾರು ನಂಬರ್ ಒನ್ ಅಂತ ಆ ಮಾತಿನಲ್ಲಿ ಇಲ್ಲವೇ ಇಲ್ಲ. ಎಲ್ಲಿ ಹೋದರೆ ಏನು ಸಿಗುತ್ತೆ ಅನ್ನೋದು ಮಾತ್ರ ಇದೆ.

ನಮ್ಮಲ್ಲಿ ಹೆಚ್ಚಿನವರು ತಕ್ಷಣ ಕೆಂಡೊ ಪರ ವೋಟು ಹಾಕ್ತಾರೆ. ಕಾತಾ ಅಂದ್ರೆ ನಮಗೆ ಲ್ಯಾಬ್ ರೆಕಾರ್ಡ್ ನೆನಪಾಗುತ್ತೆ. ಉತ್ತರ ಮೊದಲೇ ಗೊತ್ತು, ರೀಡಿಂಗ್ ಅದಕ್ಕೆ ಸರಿಯಾಗಿ ಬರಬೇಕು, ಸೈನ್ ಹಾಕಿಸಿಕೊಂಡರೆ ಮುಗೀತು. ಈ ಅನುಮಾನ ಸುಳ್ಳಲ್ಲ. ಶಾಂತಿಯ ಕಾಲದಲ್ಲಿ ಕಾತಾ ಅಲಂಕಾರದ ಕುಣಿತ ಆಗ್ತಿದೆ ಅನ್ನೋ ದೂರು ಎಡೋ ಕಾಲದಲ್ಲೇ ಇತ್ತು. ಕವಚ ತೊಟ್ಟು ಹೊಡೆದಾಡೋ ಪದ್ಧತಿ ಬೆಳೆದದ್ದಕ್ಕೆ ಅದೂ ಒಂದು ಕಾರಣ.

ಆದರೆ ಕಾತಾದ ಒಳಗೆ ಒಂದು ವಿಷಯ ಇದೆ, ಅದು ಗೊತ್ತಾದ ಮೇಲೆ ನಮ್ಮ ಲೆಕ್ಕವೇ ಬದಲಾಗುತ್ತೆ. ಇಬ್ಬರಲ್ಲಿ ಮೊದಲು ಹೊಡೆಯುವವರು ಉಚಿದಾಚಿ, ಉತ್ತರ ಕೊಡುವವರು ಶಿದಾಚಿ. ಕೊನೆಗೆ ಗೆಲ್ಲೋದು ಶಿದಾಚಿ. ಆದರೆ ಶಿದಾಚಿ ಕಿರಿಯರು. ಪ್ರತಿ ಸಲ ಸೋಲುವ ಉಚಿದಾಚಿಯ ಪಾತ್ರ ಹಿರಿಯರದು, ಗುರುವಿನದು. ಸೋಲೋದು ಸುಲಭ ಅನ್ಸಬಹುದು. ನಿಜವಾಗಿಯೂ ತಲೆಗೆ ಬರೋ ಹಾಗೆ ಹೊಡೀಬೇಕು. ಶಿಷ್ಯ ತಡವಾದರೆ ಕೂದಲೆಳೆಯಲ್ಲಿ ನಿಲ್ಲಿಸಬೇಕು. ಇವನಿಗೆ ಇವತ್ತು ಎಷ್ಟು ವೇಗ ತಡೆದುಕೊಳ್ಳೋಕಾಗುತ್ತೆ ಅಂತ ಅಳೆದು, ಅದಕ್ಕಿಂತ ಒಂದು ಎಳೆ ಹೆಚ್ಚು ಕೊಡಬೇಕು. ಅನಿಶ್ಚಿತತೆ ಬಿಟ್ಟಿದ್ದಾರೆ ಅಂದೆವಲ್ಲ, ಅದನ್ನ ಚೂರುಚೂರೇ ವಾಪಸ್ ತರೋರು ಈ ಹಿರಿಯರು. ಅವರು ಸುಮ್ಮನೆ ಕೈ ಆಡಿಸಿದರೆ ಮಾತ್ರ ಅದು ಲ್ಯಾಬ್ ರೆಕಾರ್ಡ್.

ಕೆಂಡೊ ಒಳಗೂ ಇದೇ ಪಾತ್ರ ಇದೆ. ಅಲ್ಲಿ ಏಟು ಸ್ವೀಕರಿಸುವ ಹಿರಿಯರಿಗೆ ಮೊತೊದಾಚಿ ಅಂತಾರೆ. ಕಲಿಯೋರಿಗೆ ಸರಿಯಾದ ಕ್ಷಣದಲ್ಲಿ ತಲೆಯನ್ನೋ ಮಣಿಕಟ್ಟನ್ನೋ ತೆರೆದುಕೊಡೋದು ಅವರ ಕೆಲಸ. ಅಷ್ಟೇ ಅಲ್ಲ, ಪಂದ್ಯ ಬಿಟ್ಟರೆ ಕೆಂಡೊದಲ್ಲಿ ಬೇರೇನಿಲ್ಲ ಅನ್ನೋದೂ ಪೂರ್ತಿ ನಿಜವಲ್ಲ. 1912ರಲ್ಲಿ ಬೇರೆ ಬೇರೆ ಪರಂಪರೆಗಳ ಗುರುಗಳು ಕೂತು 10 ಕಾತಾಗಳನ್ನು ರೂಪಿಸಿದರು; 7 ಉದ್ದ ಕತ್ತಿಯವು, 3 ಚಿಕ್ಕ ಕತ್ತಿಯವು. ಕೆಂಡೊ ಕಲಿಯೋರು ಇವತ್ತಿಗೂ ಅವನ್ನು ಕಲೀತಾರೆ. ಬರೀ ಶಿನಾಯ್ ಆಟವಾದರೆ ಪಾಯಿಂಟ್ ಗಿಟ್ಟಿಸೋ ಚಾಲಾಕಿ ಬರುತ್ತೆ, ಕತ್ತಿ ಮರೆತುಹೋಗುತ್ತೆ ಅನ್ನೋ ಭಯ ಅವರಿಗೂ ಇತ್ತು. 1975ರಲ್ಲಿ ಅಖಿಲ ಜಪಾನ್ ಕೆಂಡೊ ಒಕ್ಕೂಟ ಕೆಂಡೊದ ಗುರಿ ಏನು ಅಂತ ಬರೆದಿಟ್ಟಾಗ, ಕತ್ತಿಯ ನಿಯಮಗಳ ಮೂಲಕ ವ್ಯಕ್ತಿತ್ವವನ್ನು ತಿದ್ದೋದು ಅಂತ ಹೇಳಿತೇ ಹೊರತು ಗೆಲುವಿನ ಮಾತು ತರಲಿಲ್ಲ.

ಅಂದಮೇಲೆ ಕಾತಾ ಮತ್ತು ಪಂದ್ಯ ಶತ್ರುಗಳೇನಲ್ಲ. ಒಂದರ ಕಾಯಿಲೆಗೆ ಇನ್ನೊಂದು ಮದ್ದು. ಹಾಗಂತ ಯಾವುದಾದರೂ ನಡೆಯುತ್ತೆ ಅಂತ ನಾವು ಹೇಳ್ತಿಲ್ಲ. ಬೇಗ ಕೋಪ ಬರೋರು, ಗೆಲುವಿಗೆ ಹಪಹಪಿಸೋರು ಕಾತಾದ ಹತ್ತಿರ ಹೋದರೆ ಒಳ್ಳೇದು. ಎಲ್ಲ ಪುಸ್ತಕದಲ್ಲೇ ಸರಿಮಾಡಿಕೊಳ್ಳೋ, ಎದುರಿಗೆ ಯಾರಾದರೂ ನಿಂತರೆ ಕೈಕಾಲು ತಣ್ಣಗಾಗೋ ನಮ್ಮಂಥವರಿಗೆ ಶಿನಾಯ್ ಏಟು ಬೀಳಬೇಕು. ನಮಗೆ ಈಗಾಗಲೇ ಬರೋದನ್ನೇ ಹೊಗಳೋ ಶಾಲೆಗಿಂತ, ನಮ್ಮಲ್ಲಿ ಇಲ್ಲದ್ದನ್ನ ಕೇಳೋ ಶಾಲೆ ಮೇಲು.

ಇಷ್ಟೆಲ್ಲ ಆಯ್ಕೆ ಎಲ್ಲಿದೆ ಸ್ವಾಮಿ, ಬಸ್ಸಿನಲ್ಲಿ ಹೋಗಿಬರೋ ದೂರದಲ್ಲಿ ಒಂದು ದೋಜೋ ಇದ್ದರೆ ಅದೇ ಪುಣ್ಯ ಅಂತ ನೀವು ಕೇಳಬಹುದು. ಸರಿ. ಆ ಒಂದಕ್ಕೇ ಹೋಗಿ, ಸೇರೋ ಮೊದಲು ಎರಡು ದಿನ ಗೋಡೆ ಪಕ್ಕ ಕೂತು ನೋಡೋಕೆ ಅನುಮತಿ ಕೇಳಿ. ಜಪಾನಿನಲ್ಲೂ ಹಾಗೆ ಕೂತು ನೋಡೋದು ರೂಢಿ. ಗುರುಗಳ ಕೈಚಳಕ ನೋಡಬೇಡಿ, ಗೋಡೆಯ ಮೇಲಿನ ಸರ್ಟಿಫಿಕೇಟನ್ನೂ ಎಣಿಸಬೇಡಿ. ಅಲ್ಲಿ ಎಲ್ಲರಿಗಿಂತ ಹೊಸಬರು ಯಾರು ಅಂತ ಹುಡುಕಿ, ಅವರ ಎದುರು ಹಿರಿಯರು ಹೇಗೆ ನಿಲ್ಲುತ್ತಾರೆ ನೋಡಿ. ತಮ್ಮ ವೇಗ ತೋರಿಸಿಕೊಳ್ಳೋಕೆ ಹೊಸಬರನ್ನ ಗೊಂಬೆ ಮಾಡ್ತಿದ್ದರೆ, ಅಥವಾ ಬೇಜಾರಿನಿಂದ ಕೈ ಆಡಿಸ್ತಿದ್ದರೆ, ಶಾಲೆ ಎಷ್ಟೇ ಹಳೆಯದಾಗಿರಲಿ ಎದ್ದು ಬನ್ನಿ. ಹತ್ತನೇ ಸಲವೂ ಮೊದಲ ಸಲದಷ್ಟೇ ನಿಜವಾಗಿ ಹೊಡೆದು, ಹೊಸಬರ ಏಟು ಸರಿಬಿದ್ದಾಗ ನಿಜವಾಗಿಯೇ ಸೋಲ್ತಿದ್ದರೆ, ಅಲ್ಲೇ ಫೀಸು ಕಟ್ಟಿ.